ಶನಿವಾರ ತಂದ ಬೇರಿಂಗು

ಶುಕ್ರವಾರ ಸಂಜೆ ಅಮೃತಾ ಕಲ್ಯಾಣದುರ್ಗದಿಂದ ವಾಪಸು ಬಂದಾಗ ಗಾಡಿ ಅವಳನ್ನು ಹೊತ್ತುಕೊಂಡು ಬರಲಿಲ್ಲ, ಗಾಡಿಯನ್ನೇ ಕದಿರಣ್ಣನ ಲಗೇಜ್ ಆಟೋ ಹೊತ್ತುಕೊಂಡು ಬಂತು. ಹಗ್ಗ ಬಿಚ್ಚಿ ಕೆಳಗೆ ಇಳಿಸುವವರೆಗೂ ಹುಡುಗಿ ಬಾಯಿ ಬಿಡಲಿಲ್ಲ. ನಾನೂ ಕೇಳಲಿಲ್ಲ. ಕೇಳಿದರೆ ಅಳುತ್ತಾಳೆ, ಅತ್ತರೆ ಅವಳ ತಾತ ನಡುವೆ ಬಾಯಿ ಹಾಕುತ್ತಾರೆ, ಆಮೇಲೆ ಆ ರಾತ್ರಿ ಯಾರಿಗೂ ಊಟವಿಲ್ಲ.

ಅಮೃತಾ ನನ್ನ ಮಗಳು ರೇವತಿಯ ಮಗಳು. ರೇವತಿ ಹಿಂದೂಪುರದ ಗಾರ್ಮೆಂಟಿನಲ್ಲಿ ದುಡಿಯುತ್ತಾಳೆ, ಹುಡುಗಿ ಲೇಪಾಕ್ಷಿ ಹತ್ತಿರದ ನಮ್ಮೂರಿನಲ್ಲಿ ನಮ್ಮ ಜೊತೆ ಇದ್ದಾಳೆ. ಅವಳ ಬೈಕು ಎಲ್ಲರ ಗಾಡಿಯಂತಲ್ಲ. ಸಣ್ಣದು, ಎತ್ತರದ್ದು, ಟೈರಿನ ತುಂಬ ಮುಳ್ಳುಮುಳ್ಳು. ಮಣ್ಣಿನಲ್ಲಿ, ಗುಡ್ಡದಲ್ಲಿ ಓಡಿಸುವುದಕ್ಕೇ ಮಾಡಿದ್ದಂತೆ. ಹಿಂದೂಪುರದಲ್ಲಿ ಯಾರೋ ಮಗನಿಗೆಂದು ತಂದರು, ಮಗ ಒಂದು ಸಲ ಬಿದ್ದ, ಎರಡು ವರ್ಷ ಗಾಡಿ ಮೂಲೆಯಲ್ಲಿ ನಿಂತಿತು, ಕೊನೆಗೆ ನಮ್ಮ ಮನೆಗೆ ಬಂತು. ಊರಿನವರು ಅದನ್ನು ಮಣ್ಣುಗಾಡಿ ಎನ್ನುತ್ತಾರೆ. ಅಮೃತಾ ಒಣಗಿದ ಕೆರೆಯ ಅಂಗಳದಲ್ಲಿ ಬಿದ್ದು ಎದ್ದು ಕಲಿತಳು. ನಾನು ದಡದಲ್ಲಿ ಕೂತು ನೋಡುತ್ತಿದ್ದೆ. ಬೇಡ ಎಂದು ಒಂದು ದಿನವೂ ಅನ್ನಲಿಲ್ಲ. ಅಂದಿದ್ದರೆ ನಾನು ನೋಡದ ಕಡೆ ಹೋಗಿ ಬೀಳುತ್ತಿದ್ದಳು.

ಕಲ್ಯಾಣದುರ್ಗದ ಕಡೆ ಗುಡ್ಡಗಳ ಮೇಲೆ ಗಾಳಿ ಫ್ಯಾನುಗಳನ್ನು ನೆಟ್ಟಿದ್ದಾರೆ. ಒಂದು ಫ್ಯಾನಿನಿಂದ ಇನ್ನೊಂದಕ್ಕೆ ಹೋಗುವ ಕರೆಂಟಿನ ಲೈನನ್ನು ದಿನಾ ಸುತ್ತಿ ನೋಡುವುದಕ್ಕೆ ಜನ ಬೇಕಾಗಿತ್ತು. ಜೀಪು ಹತ್ತದ ಜಾಗ. ಇಂಥ ಗಾಡಿ ಇರುವವರೇ ಬರಬೇಕು, ಗಾಡಿ ಸ್ವಂತದ್ದಿರಬೇಕು. ಮೊದಲು ಗಾಡಿ ನೋಡುತ್ತಾರೆ, ಆಮೇಲೆ ಗುಡ್ಡ ಹತ್ತಿಸಿ ನೋಡುತ್ತಾರೆ, ಗೆದ್ದವರಿಗೆ ಕೆಲಸ. ಅಮೃತಾ ಗುಡ್ಡದ ತನಕ ಹೋಗಲೇ ಇಲ್ಲ. ಗಾಡಿ ನೋಡುವುದರಲ್ಲೇ ನಿಂತುಬಿಟ್ಟಿತು.

"ಕೇಶವಯ್ಯ ಅಂತ ಸೂಪರ್‌ವೈಜರು ಅಜ್ಜಿ," ಎಂದಳು, ಮುಖ ತೊಳೆದು ಬಂದು ಜಗುಲಿಯ ಮೇಲೆ ಕೂತು. "ಮುಂದಿನ ಚಕ್ರ ಮೇಲೆ ಕೆಳಗೆ ಹಿಡ್ಕೊಂಡು ಅಲ್ಲಾಡ್ಸಿದ್ರು. ಟಕ್ ಟಕ್ ಅಂತು. ಬೇರಿಂಗು ಹೋಗೈತೆ, ಗುಡ್ಡದ ಮೇಲೆ ಇದು ಕಚ್ಕೊಂಡ್ರೆ ನಿನ್ನ ಇಳಿಸ್ಕೊಂಡು ಬರೋರ್ಯಾರು ಅಂದ್ರು. ಹತ್ತಾಕೇ ಬಿಡ್ಲಿಲ್ಲ."

"ಆಮೇಲೆ?"

"ಸೋಮವಾರ ಹತ್ತು ಗಂಟೆಗೆ ಕೊನೇ ಸಲ ನೋಡ್ತಾರಂತೆ. ಸರಿ ಮಾಡ್ಕೊಂಡು ಬಂದ್ರೆ ಬಂದಂಗೆ. ಇಲ್ದಿದ್ರೆ ಪಟ್ಟಿ ಮುಗೀತು."

ನನ್ನ ಯಜಮಾನರು ಶ್ರೀರಾಮಪ್ಪನವರು ಅಷ್ಟು ಹೊತ್ತಿಗೆ ಗಾಡಿಯ ಮುಂದೆ ಕುಕ್ಕರುಗಾಲಿನಲ್ಲಿ ಕೂತಾಗಿತ್ತು. ನಲವತ್ತು ವರ್ಷ ಬೋರಿನ ಮೋಟಾರು ರಿಪೇರಿ ಮಾಡಿದ ಮನುಷ್ಯ. ಈ ಸುತ್ತಿನಲ್ಲಿ ಅವರ ಕೈ ತಾಗದ ಮೋಟಾರು ಇರಲಿಲ್ಲ. ಈಗ ಜನ ಮೋಟಾರನ್ನು ನೇರ ಹಿಂದೂಪುರಕ್ಕೆ ಒಯ್ಯುತ್ತಾರೆ. ಅವರ ಸ್ಪ್ಯಾನರುಗಳು ಮಾತ್ರ ಎಣ್ಣೆ ಬಟ್ಟೆಯೊಳಗೆ ಮಲಗಿ ಕಾಯುತ್ತಿದ್ದವು.

"ಬೇರಿಂಗಾ? ಯಾವನಮ್ಮಿ ಹೇಳಿದ್ದು? ನಟ್ಟು ಸಡ್ಲಾಗೈತೆ ಅಷ್ಟೆ," ಎಂದರು. ದೊಡ್ಡ ಸ್ಪ್ಯಾನರು ತಂದು, ಕಾಲು ಕೊಟ್ಟು, ಚಕ್ರದ ನಟ್ಟನ್ನು ಬಿಗಿದರು. ಇನ್ನೂ ಬಿಗಿದರು. ಆಮೇಲೆ ಚಕ್ರ ಹಿಡಿದು ಅಲ್ಲಾಡಿಸಿದರು. "ಈಗ ಅಲ್ಲಾಡ್ತದಾ?"

"ಅಲ್ಲಾಡಲ್ಲ ತಾತ," ಎಂದಳು ಅಮೃತಾ. "ತಿರುಗೋದೂ ಇಲ್ಲ."

ನಿಜ. ಕಂಬಕ್ಕೆ ಕಟ್ಟಿದ ಹಾಗೆ ನಿಂತಿತ್ತು ಚಕ್ರ. ಅವಳು ನಟ್ಟನ್ನು ಮತ್ತೆ ಮೊದಲಿನಷ್ಟಕ್ಕೆ ಸಡಿಲಿಸಿ, ಇಂಜಿನ್ನಿನ ಕೆಳಗೆ ಕಲ್ಲು ಇಟ್ಟು ಮುಂದಿನ ಚಕ್ರ ಮೇಲೆತ್ತಿದಳು. "ಅಜ್ಜಿ, ಇಲ್ಲಿ ಕೈ ಇಡು," ಎಂದು ನನ್ನ ಅಂಗೈಯನ್ನು ಚಕ್ರ ಹಿಡಿದಿರುವ ಕಂಬಿಯ ಮೇಲಿಟ್ಟು ಚಕ್ರ ತಿರುಗಿಸಿದಳು. ಕಲ್ಲು ಸೇರಿದ ರಾಗಿ ಬೀಸುವಾಗ ಗೂಟದ ಮೂಲಕ ಕೈಗೆ ಬರುತ್ತದಲ್ಲ, ಅದೇ ನಡುಕ. ಆಮೇಲೆ ನಡುವಿನ ಸಲಾಕೆ ಎಳೆದು ಚಕ್ರ ಬಿಡಿಸಿದಳು. ಚಕ್ರದ ನಟ್ಟನಡುವಿನ ಗುಂಭದಲ್ಲಿ ಆ ಕಡೆಗೊಂದು ಈ ಕಡೆಗೊಂದು ಬೇರಿಂಗು, ನಡುವೆ ಎರಡನ್ನೂ ದೂರ ಇಡುವುದಕ್ಕೆ ಒಂದು ಕೊಳವೆ. ಬೇರಿಂಗಿಗೆ ಎರಡು ಬಳೆ: ಹೊರಗಿನದು ಗುಂಭಕ್ಕೆ ಬಿಗಿ, ಒಳಗಿನದರಲ್ಲಿ ಸಲಾಕೆ ತೂರುತ್ತದೆ, ಎರಡರ ನಡುವೆ ಗುಂಡುಗಳು. ಮಳೆಗಾಲದಲ್ಲಿ ಕೆರೆಕೋಡಿಯ ನೀರಿನಲ್ಲಿ ಓಡಾಡಿ ಮುಚ್ಚಳದ ರಬ್ಬರು ಹರಿದಿತ್ತು, ಒಳಗೆಲ್ಲ ಕೆಮ್ಮಣ್ಣು.

ತಾತ ಒಳಬಳೆಗೆ ಬೆರಳು ಹಾಕಿ ಮೂರು ಸುತ್ತು ತಿರುಗಿಸಿದರು. ಕರ್ ಕರ್ ಎಂದಿತು.

"ಹ್ಞೂ. ಹೋಗೈತೆ," ಎಂದರು. "ನಾನ್ ಆಗ್ಲೇ ಅಂದ್ಕೊಂಡೆ."

ಅಮೃತಾ ನನ್ನ ಮುಖ ನೋಡಿದಳು. ನಾನು ಕಣ್ಣಿನಲ್ಲೇ ಬೇಡ ಎಂದೆ. ಹಳೆಯ ಬೇರಿಂಗು ಹೊರತೆಗೆಯುವುದರಲ್ಲಿ ಅವರ ಕೈಗೆ ಎದುರಿಲ್ಲ. ಕೊಳವೆಯನ್ನು ಬೆರಳಿನಲ್ಲಿ ಒಂದು ಪಕ್ಕಕ್ಕೆ ಸರಿಸಿ, ಕಬ್ಬಿಣದ ಕಡ್ಡಿ ಇಟ್ಟು, ಒಂದೊಂದಕ್ಕೆ ನಾಲ್ಕು ಏಟು, ಎರಡೂ ಆಚೆ ಬಿದ್ದವು. ಅಷ್ಟಕ್ಕೇ ನಿಲ್ಲಿಸಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ಮರುದಿನ ನಾನೂ ಅಮೃತಾಳೂ ಬಸ್ಸಿನಲ್ಲಿ ಹಿಂದೂಪುರಕ್ಕೆ ಹೋದೆವು. ಅಂಗಡಿಯವನು ಹಳೆಯದನ್ನು ಕಣ್ಣಳತೆಯಲ್ಲಿ ನೋಡಿ ಬೇರೆ ಯಾವುದೋ ಎರಡು ತಂದಿಟ್ಟ. ನಂಬರು ನೋಡಯ್ಯ ಎಂದೆ. ಎಲ್ಲ ಒಂದೇ ಅಮ್ಮಾ ಎಂದ. ಒಂದೇ ಆಗಿದ್ದರೆ ನಂಬರು ಯಾಕೆ ಕೆತ್ತಿದ್ದಾರೆ ಎಂದೆ. ಮಣ್ಣು ಒರೆಸಿ, ಬೆಳಕಿಗೆ ಹಿಡಿದು, ಒಂದೊಂದೇ ಅಂಕಿ ಓದಿ ಹೇಳಿದೆ. ರಾತ್ರಿಶಾಲೆಯಲ್ಲಿ ಕಲಿತವಳು ನಾನು, ನಿಧಾನವಾಗಿ ಓದುತ್ತೇನೆ, ಆದರೆ ಬಿಟ್ಟು ಓದುವುದಿಲ್ಲ. ಅವನು ಗೊಣಗಿಕೊಂಡು ಅಟ್ಟ ಹತ್ತಿದ. ಸರಿಯಾದ ಎರಡು ಬೇರಿಂಗು, ಎರಡು ರಬ್ಬರು ಮುಚ್ಚಳ ಸಿಕ್ಕವು. "ನಾಳೆ ಭಾನುವಾರ, ಯಾವ ಅಂಗ್ಡೀನೂ ತೆಗೆಯಲ್ಲ, ಸರಿಯಾಗಿ ನೋಡ್ಕೊಂಡು ಹೋಗಿ," ಎಂದ ಅವನೇ. ಅದೊಂದು ಮಾತು ಒಳ್ಳೆಯದಾಡಿದ.

ಮೂರು ಗಂಟೆಗೆ ಮನೆಗೆ ಬಂದರೆ ಯಜಮಾನರು ಬಾಗಿಲಿಗೆ ಅಡ್ಡ ನಿಂತಿದ್ದರು.

"ಇವತ್ತು ಯಾವ ವಾರ?" ಎಂದರು.

"ಶನಿವಾರ ತಾತ."

"ಕೈಯಾಗೆ ಏನೈತೆ?"

"ಬೇರಿಂಗು."

"ಬೇರಿಂಗು ಏನ್ರಾಗೆ ಮಾಡ್ತಾರೆ? ಬೆಲ್ಲದಾಗಾ? ಶನಿವಾರ ಕಬ್ಬಿಣ ಮನೆಯೊಳಕ್ಕೆ ಬರಂಗಿಲ್ಲ. ನಲವತ್ತು ವರ್ಷ ಮೋಟಾರ್ ಕೆಲ್ಸ ಮಾಡಿವ್ನಿ, ಶನಿವಾರ ಒಂದು ನಟ್ಟು ಒಳಕ್ಕೆ ತಂದವನಲ್ಲ."

"ಬಸ್ಸು ಕಬ್ಬಿಣ ಅಲ್ವಾ? ಅದ್ರಾಗೇ ಕೂತ್ಕೊಂಡು ಬಂದ್ವಿ."

"ಬಸ್ಸು ಮನೆಯೊಳಕ್ಕೆ ಬಂತಾ?"

ಅಮೃತಾ ಹಣೆ ಚಚ್ಚಿಕೊಂಡಳು. ಅವಳಿಗೆ ಬೇರಿಂಗುಗಳನ್ನು ರಾತ್ರಿಯೆಲ್ಲ ಫ್ರಿಜ್ಜಿನಲ್ಲಿ ಇಡಬೇಕಾಗಿತ್ತು. ತಂಪಿಗೆ ಕಬ್ಬಿಣ ಒಂದು ಕೂದಲಿನಷ್ಟು ಕುಗ್ಗುತ್ತದೆ, ಬೆಳಿಗ್ಗೆ ಚಕ್ರವನ್ನು ಬಿಸಿಲಿಗಿಟ್ಟರೆ ಗುಂಭ ಒಂದು ಕೂದಲು ಹಿಗ್ಗುತ್ತದೆ, ಆಗ ಬಡಿದಾಟವಿಲ್ಲದೆ ಕೂರುತ್ತದೆ ಎಂದು ಫೋನಿನಲ್ಲಿ ನೋಡಿ ತಿಳಿದುಕೊಂಡಿದ್ದಳು. ಅದನ್ನು ಹೇಳಿದಳು.

"ಕೇಳ್ದ್ಯಾ ಇವಳ ಮಾತ?" ಎಂದರು ಯಜಮಾನರು ನನಗೆ. "ಮೊಸರಿನ ಪಕ್ಕದಾಗೆ ಶನೇಶ್ವರನ್ನ ಇಡ್ತಾಳಂತೆ."

ಪಕ್ಕದ ಮನೆ ನರಸಪ್ಪ ಗೋಡೆಯ ಮೇಲಿಂದ ತಲೆ ಹಾಕಿದ. ನಮ್ಮ ಮನೆಯಲ್ಲಿ ಏನಾದರೂ ನಡೆಯುತ್ತಿದ್ದರೆ ಅವನಿಗೆ ತನ್ನ ಮನೆಯಲ್ಲಿ ಕೆಲಸವಿರುವುದಿಲ್ಲ. "ಶ್ರೀರಾಮಣ್ಣ ಹೇಳೋದು ದಿಟ ಕಣಮ್ಮ. ನಮ್ಮಪ್ಪ ಒಂದ್ ಶನಿವಾರ ಗುದ್ಲಿ ತಂದ. ಭಾನುವಾರ ಕಾಲ್ಮೇಲೆ ಹಾಕ್ಕೊಂಡ."

"ನಿಮ್ಮಪ್ಪ ಯಾವ ವಾರ ಗುದ್ಲಿ ಎತ್ತಿದ್ರೂ ಕಾಲ್ಮೇಲೇ ಹಾಕ್ಕೊತಿದ್ದ ಕಣ್ ನರಸಪ್ಪ," ಎಂದೆ ನಾನು.

ಆದರೂ ಮಾತು ಬೆಳೆಸಲಿಲ್ಲ. ನಲವತ್ತಾರು ವರ್ಷ ಸಂಸಾರ ಮಾಡಿದವಳಿಗೆ ಯಾವ ಬಾಗಿಲು ನೂಕಿದರೆ ತೆರೆಯುತ್ತದೆ, ಯಾವುದು ತೆರೆಯುವುದಿಲ್ಲ ಎಂಬುದು ಗೊತ್ತಿರುತ್ತದೆ. ಬೇರಿಂಗುಗಳನ್ನು ಬಟ್ಟೆ ಚೀಲಕ್ಕೆ ಹಾಕಿ ಅಂಗಳದಾಚೆಯ ಬೇವಿನ ಕೊಂಬೆಗೆ ತೂಗುಹಾಕಿದೆ. ರಾತ್ರಿ ಅಮೃತಾ ಮೂರು ಸಲ ಎದ್ದು ಹೋಗಿ ಟಾರ್ಚು ಬಿಟ್ಟು ನೋಡಿಬಂದಳು.

ಭಾನುವಾರ ಹೊತ್ತು ಮೂಡುತ್ತಲೇ ಚೀಲ ಇಳಿಸಿ ಫ್ರಿಜ್ಜಿಗೆ ಹಾಕಿದಳು. ಚಕ್ರವನ್ನು ಬಿಸಿಲಿಗೆ ಮಲಗಿಸಿದಳು. ಸೋಮವಾರ ಬೆಳಿಗ್ಗೆಗೆ ಕದಿರಣ್ಣನ ಆಟೋ ಗೊತ್ತು ಮಾಡಬೇಕಿತ್ತು, ಅವನು ಭಾನುವಾರ ಫೋನು ಎತ್ತುವ ಜಾತಿಯಲ್ಲ, ಹಾಗಾಗಿ ತಾನೇ ಲೇಪಾಕ್ಷಿಗೆ ಹೊರಟಳು. ಹೊರಡುವಾಗ ನನ್ನನ್ನು ಹಿತ್ತಲಿಗೆ ಕರೆದಳು.

"ಅಜ್ಜಿ, ನಾನ್ ಬರೋಗಂಟ ತಾತ ಮುಟ್ಟಬಾರ್ದು. ಮೋಟಾರ್ನಾಗೆ ಬೇರಿಂಗು ನಡುವಿನ ಸಲಾಕೆಗೆ ಬಿಗಿಯಾಗಿರ್ತದೆ, ಅದಕ್ಕೆ ಒಳಗಿನ ಬಳೆಗೆ ಹೊಡೀತಾರೆ. ತಾತನ ಕೈ ಅಲ್ಲಿಗೇ ಹೋಯ್ತದೆ. ಚಕ್ರದಾಗೆ ಬಿಗಿ ಇರೋದು ಹೊರಗಿನ ಬಳೆ. ಹೊರಗಿನದಕ್ಕೇ ಹೊಡೀಬೇಕು. ಒಳಗೆ ಹೊಡೆದ್ರೆ ಆ ಏಟೆಲ್ಲಾ ಗುಂಡುಗಳ ಮೇಲೆ ಬಿದ್ದು ಅವು ಓಡೋ ದಾರ್ಯಾಗೆ ಗುಂಡಿ ಬೀಳ್ತದೆ."

"ತಿಳೀತು. ಹೋಗ್ಬಾ," ಎಂದೆ.

ನಿಜವಾಗಿ ತಿಳಿದಿತ್ತು. ಅಂಗಳದಲ್ಲೇ ಅವರೆಕಾಯಿ ಬಿಡಿಸಿಕೊಂಡು ಚಕ್ರಕ್ಕೆ ಕಾವಲು ಕೂತೆ. ಯಜಮಾನರು ಎಲೆಯಡಿಕೆ ಹಾಕಿಕೊಂಡು ನನ್ನ ಎದುರಿಗೇ ಕೂತರು, ಯಾವ ಪಾಪವೂ ಅರಿಯದವರ ಹಾಗೆ. ಒಂದು ಗಂಟೆ ಕೂತೆವು. ಅಷ್ಟರಲ್ಲಿ ಮುದ್ದೆಗೆ ಇಟ್ಟ ಎಸರು ಕುದಿಯಿತು. ಒಳಗೆ ಹೋಗಿ ಹಿಟ್ಟು ಹಾಕಿ, ಕೋಲು ಹಿಡಿದು, ಪಾತ್ರೆಯನ್ನು ಕಾಲಲ್ಲಿ ಒತ್ತಿಕೊಂಡು ತಿರುವುವುದಕ್ಕೆ ಶುರು ಮಾಡಿದೆ. ಮುದ್ದೆ ತಿರುವುವಾಗ ಕೈ ಬಿಡುವ ಹಾಗಿಲ್ಲ, ಬಿಟ್ಟರೆ ಗಂಟು. ಫ್ರಿಜ್ಜಿನ ಬಾಗಿಲ ಸದ್ದು ಕೇಳಿತು. ನೀರು ಕುಡಿಯುತ್ತಿದ್ದಾರೆ ಎಂದುಕೊಂಡೆ. ಆಮೇಲೆ ಹೊರಗಿನಿಂದ ಟಣ್ ಎಂದಿತು.

"ಏನದು?" ಎಂದು ಒಳಗಿಂದಲೇ ಕೂಗಿದೆ.

"ಏನಿಲ್ಲ."

ಟಣ್. ಟಣ್.

"ಇರಿ, ಹೊಡೀಬ್ಯಾಡಿ. ಅವಳು ಬರ್ಲಿ. ಹೊರಗಿನ ಬಳೆಗೆ ಹೊಡೀಬೇಕಂತೆ."

"ಆಯ್ತು ಆಯ್ತು," ಎಂದರು, ಟಣ್ ಟಣ್ ಎಂದು ಇನ್ನೆರಡು ಹಾಕಿದರು.

ಕೋಲು ಬಿಟ್ಟು ಓಡಿಬಂದೆ. ಬರುವಷ್ಟರಲ್ಲಿ ಮುಗಿದಿತ್ತು. ಒಂದು ಬೇರಿಂಗು ಗುಂಭದೊಳಗೆ ಅಂಚಿಗೆ ಅಂಚು ಕೂತಿತ್ತು. ಅವರು ಸುತ್ತಿಗೆ ಕೆಳಗಿಟ್ಟು, ಮದುವೆ ಮುಗಿಸಿದ ಹೆಣ್ಣಿನ ತಂದೆಯ ಹಾಗೆ ಬೆವರು ಒರೆಸಿಕೊಳ್ಳುತ್ತಿದ್ದರು. "ಮಗು ಬರೋದ್ರೊಳಗೆ ಎರಡೂ ಹಾಕ್ಬುಡನ ಅಂತ. ಸುಮ್ನೆ ಅವಳಿಗ್ಯಾಕೆ ತ್ರಾಸು."

ನಾನು ಬೆರಳು ಹಾಕಿ ಮೆಲ್ಲಗೆ ತಿರುಗಿಸಿದೆ. ಹೊಸ ಬೇರಿಂಗು ಸದ್ದಿಲ್ಲದೆ ತಿರುಗಬೇಕು. ಇದು ಒಂದೊಂದು ಹೆಜ್ಜೆಗೂ ತಡವರಿಸಿತು, ಗುಂಡಿ ಬಿದ್ದ ರಸ್ತೆಯಲ್ಲಿ ಬಸ್ಸು ಬಂದ ಹಾಗೆ.

"ಹೊಸದು, ನಾಕ್ ಕಿಲೋಮೀಟ್ರು ಓಡಿದ್ರೆ ಸರಿಹೋಯ್ತದೆ," ಎಂದರು ಅವರು. ಆದರೆ ನನ್ನ ಬೆರಳನ್ನೇ ನೋಡುತ್ತಿದ್ದರು.

ಅಮೃತಾ ಬಂದಳು. ಚಪ್ಪಲಿ ಬಿಡದೆ ಚಕ್ರದ ಹತ್ತಿರ ಕೂತಳು, ತಿರುಗಿಸಿದಳು, ಇನ್ನೊಂದು ಸಲ ತಿರುಗಿಸಿದಳು. ಕೂಗಾಡಿದ್ದರೆ ಚೆನ್ನಾಗಿತ್ತು. ಕೂಗಲಿಲ್ಲ.

"ಒಳಗಡೆ ಹೊಡೆದ್ಯಾ ತಾತ?"

"ನಲವತ್ತು ವರ್ಷ ಎಲ್ಲಿ ಹೊಡ್ದೆನೋ ಅಲ್ಲೇ ಹೊಡ್ದೆ. ಸಾವ್ರ ಬೇರಿಂಗು ಹಾಕಿವ್ನಿ, ಒಂದು ಕೆಟ್ಟಿಲ್ಲ. ಇದು ಯಾಕೆ ಕೆಡ್ತು ಹೇಳು? ಶನಿವಾರದ ಕಬ್ಬಿಣ. ಬ್ಯಾಡ ಅಂದೆ. ಕೇಳಿದ್ರಾ ಇಬ್ರೂ?"

"ನಾನೂ ಅಂದೆ," ಎಂದ ನರಸಪ್ಪ, ಗೋಡೆಯ ಮೇಲಿಂದ.

ನನಗೆ ತಾಳ್ಮೆ ಇದೆ ಎಂದು ಊರೆಲ್ಲ ಹೇಳುತ್ತಾರೆ. ಇತ್ತು, ಆ ಕ್ಷಣದ ತನಕ. ಒಳಗೆ ಹೋಗಿ ಫ್ರಿಜ್ಜಿನಿಂದ ಇನ್ನೊಂದು ಬೇರಿಂಗು ತಂದೆ. ಪೊಟ್ಟಣ ಹರಿದು ಅವರ ಅಂಗೈಯಲ್ಲಿಟ್ಟೆ.

"ಇದು ಯಾವಾಗ ತಂದಿದ್ದು?" ಎಂದೆ.

ಅವರು ಹರಿದ ಪೊಟ್ಟಣದ ಕಡೆ ನೋಡಿದರು.

"ಅದೇ ಅಂಗ್ಡಿ, ಅದೇ ಶನಿವಾರ, ಅದೇ ಚೀಲ. ಅದೇ ಬೇವಿನಮರಕ್ಕೆ ನೇತಾಕಿದ್ದೆ. ತಿರುಗ್ಸಿ ನೋಡಿ."

ತಿರುಗಿಸಿದರು. ಬೆಣ್ಣೆಯೊಳಗೆ ಬೆರಳಾಡಿಸಿದ ಹಾಗೆ ತಿರುಗಿತು.

"ಶನಿ ಒಂದಕ್ಕೇ ಹಿಡಿದು ಇನ್ನೊಂದನ್ನ ಬಿಟ್ನಾ? ಸುತ್ತಿಗೆ ಬಿದ್ದಿದ್ದು ಯಾವುದ್ರ ಮೇಲೆ?"

ನರಸಪ್ಪನ ತಲೆ ಗೋಡೆಯಿಂದ ಕೆಳಗಿಳಿಯಿತು. ಯಜಮಾನರು ಬೇರಿಂಗನ್ನು ಜೋಪಾನವಾಗಿ ಪೊಟ್ಟಣದ ಮೇಲಿಟ್ಟು, ಟವೆಲು ಕೊಡವಿ ಹೆಗಲಿಗೆ ಹಾಕಿಕೊಂಡು, ಅರಳಿಕಟ್ಟೆಯ ಕಡೆ ಹೋದರು. ಊಟಕ್ಕೂ ಬರಲಿಲ್ಲ. ಬಂದಿದ್ದರೂ ತಿನ್ನುವುದಕ್ಕೆ ಗಂಟುಮುದ್ದೆಯೇ ಇದ್ದದ್ದು.

ಅಮೃತಾ ಕೆಟ್ಟದ್ದನ್ನು ಒಳಗಿನಿಂದ ಬಡಿದು ತೆಗೆದಳು. ತಾತನ ಹಳೆಯ ಮೋಟಾರು ಸಾಮಾನಿನ ಗುಡ್ಡೆಯಲ್ಲಿ ಹುಡುಕಿ, ಹೊರಬಳೆಯ ಅಂಚಿನ ಮೇಲೆ ಮಾತ್ರ ಕೂರುವ ಪೈಪಿನ ತುಂಡೊಂದನ್ನು ಆರಿಸಿದಳು. ಅದನ್ನಿಟ್ಟು, ಒಂದೇ ಕಡೆ ವಾಲದಂತೆ ಸುತ್ತಲೂ ಮೆಲ್ಲಮೆಲ್ಲಗೆ ಹೊಡೆದು, ಒಳ್ಳೆಯದನ್ನು ಒಂದು ಪಕ್ಕಕ್ಕೆ ಕೂರಿಸಿದಳು. ತಿರುಗಿಸಿದರೆ ಸದ್ದಿಲ್ಲ. ಇನ್ನೊಂದು ಪಕ್ಕ ಖಾಲಿ. ರೇವತಿ ಹಿಂದೂಪುರದಲ್ಲಿ ನಾಲ್ಕು ಅಂಗಡಿಯವರ ಮನೆ ಬಾಗಿಲಿಗೆ ಹೋಗಿ ಕೇಳಿದಳು. ಒಬ್ಬ ಮದುವೆಗೆ ಹೋಗಿದ್ದ, ಒಬ್ಬ ಮಲಗಿದ್ದ, ಇನ್ನಿಬ್ಬರು ಸೋಮವಾರ ಹತ್ತಕ್ಕೆ ಬನ್ನಿ ಎಂದರು. ಹತ್ತಕ್ಕೆ ನಾವು ಕಲ್ಯಾಣದುರ್ಗದಲ್ಲಿ ಇರಬೇಕು.

"ಅಲ್ಲೇ ಅಂಗ್ಡಿ ತೆಗೀತಲೂ ತಗಂಡು ಅಲ್ಲೇ ಹಾಕ್ಬುಡ್ತೀನಿ," ಎಂದಳು ಅಮೃತಾ. "ಒಂದು ಗಂಟೆ ಸಿಕ್ಕಿದ್ರೆ ಸಾಕು."

ಸೋಮವಾರ ಐದು ಗಂಟೆಗೆ ಕದಿರಣ್ಣ ಬಂದ. ಚಕ್ರವಿಲ್ಲದ ಗಾಡಿಯನ್ನು ಆಟೋಗೆ ಹತ್ತಿಸಿ ಕಟ್ಟಿದೆವು. ನಾನು ಬಾಗಿಲು ಹಾಕಿಕೊಂಡು ಬರುವಷ್ಟರಲ್ಲಿ ಯಜಮಾನರು ಬಿಳಿ ಅಂಗಿ ಹಾಕಿಕೊಂಡು ಡ್ರೈವರ್ ಪಕ್ಕದ ಸೀಟಿನಲ್ಲಿ ಕೂತಿದ್ದರು.

"ನೀವೆಲ್ಲಿಗೆ?"

"ಕಲ್ಯಾಣದುರ್ಗದಾಗೆ ನಂಗೆ ಗೊತ್ತಿರೋ ಅಂಗ್ಡಿ ಐತೆ. ಮೋಟಾರ್ ಸಾಮಾನು ಅಲ್ಲೇ ತರ್ತಿದ್ದೆ. ನಾನಿಲ್ದೆ ನಿಮ್ಗೆ ಹೊತ್ತಿಗೆ ಮುಂಚೆ ಯಾವನ್ ಬಾಗ್ಲು ತೆಗೀತಾನೆ?"

ನನಗೂ ಅಮೃತಾಳಿಗೂ ಹಿಂದೆ ಗಾಡಿಯ ಪಕ್ಕದಲ್ಲೇ ಜಾಗ. ಮಡಕಶಿರಾ, ಪಾವಗಡ ದಾಟಿ ಹೋಗುವವರೆಗೂ ಅವಳು ಚಕ್ರವನ್ನು ತೊಡೆಯ ಮೇಲಿಟ್ಟುಕೊಂಡೇ ಇದ್ದಳು. ಮುಂದೆ ತಾತ ಕದಿರಣ್ಣನಿಗೆ ಯಾವ ಯಾವ ಊರಿನ ಬೋರಿಗೆ ಎಷ್ಟು ಆಳದಿಂದ ಮೋಟಾರು ಎತ್ತಿದೆ ಎಂದು ಹೇಳುತ್ತಿದ್ದುದು ಗಾಳಿಯಲ್ಲಿ ತುಂಡುತುಂಡಾಗಿ ಕೇಳುತ್ತಿತ್ತು.

ಎಂಟೂ ಮುಕ್ಕಾಲಿಗೆ ಅಂಗಡಿ ಮುಂದೆ ನಿಂತೆವು. ಅವರಿಗೆ ಗೊತ್ತಿದ್ದ ಯಜಮಾನ ತೀರಿಕೊಂಡು ಆರು ವರ್ಷವಾಗಿತ್ತು. ಈಗ ಅಂಗಡಿ ಸೊಸೆ ಕೃಷ್ಣವೇಣಿಯದು. ಬಾಗಿಲೇನೋ ತೆಗೆದಿತ್ತು. ಆದರೆ ಆಕೆ ಆಗತಾನೇ ಮೆಟ್ಟಿಲಿಗೆ ನೀರು ಹಾಕುತ್ತಿದ್ದಳು.

"ಒಂದು ಬೇರಿಂಗು ಕೊಡಮ್ಮ, ಅವಸರ ಐತೆ," ಎಂದೆ.

"ಉಂಡಮ್ಮಾ, ಇರಮ್ಮಾ, ಪೂಜೆ ಆಗ್ಲಿ. ಪೂಜೆಯಿಲ್ದೆ ಬೋಣಿ ಮಾಡಲ್ಲ," ಎಂದಳು ತೆಲುಗು ಬೆರೆಸಿ, ದಿನದ ಮೊದಲ ಮಾರಾಟಕ್ಕೆ ಎಷ್ಟು ನಿಧಾನ ಬೇಕೋ ಅಷ್ಟು ನಿಧಾನವಾಗಿ.

ನೀರು ಹಾಕಿದಳು. ರಂಗೋಲಿ ಬಿಟ್ಟಳು, ಎರಡು ಎಳೆ ಸರಿಯಾಗಲಿಲ್ಲವೆಂದು ಅಳಿಸಿ ಮತ್ತೆ ಬಿಟ್ಟಳು. ಫೋಟೋಗಳಿಗೆಲ್ಲ ಹೂವು ಮುಡಿಸಿದಳು, ತಕ್ಕಡಿಗೆ ಮುಡಿಸಿದಳು, ಗಲ್ಲಾಪೆಟ್ಟಿಗೆಗೆ ಮುಡಿಸಿದಳು. ಊದುಬತ್ತಿ ಹಿಡಿದು ಒಂದೊಂದು ಮೂಲೆಗೂ ಹೋದಳು. ಅಮೃತಾ ಫೋನಿನಲ್ಲಿ ಗಂಟೆ ನೋಡುವುದು, ನನ್ನ ಮುಖ ನೋಡುವುದು. ನಾನೇನು ಮಾಡಲಿ, ದೇವರಿಗೆ ಬೇಗ ಆಗಲಿ ಎನ್ನುವುದಕ್ಕಾಗುತ್ತದೆಯೇ? ಒಂಬತ್ತೂ ಹತ್ತಕ್ಕೆ ಆಕೆ ನಂಬರು ಕೇಳಿದಳು. ಸದ್ಯ, ಇತ್ತು. ಒಂದಲ್ಲ, ಐದು ಇದ್ದವು.

ಆಗ ನಮ್ಮ ಯಜಮಾನರು ಐದನ್ನೂ ಹೊರಗೆ ತೆಗೆಸಿದರು. ಒಂದೊಂದಕ್ಕೂ ಬೆರಳು ಹಾಕಿ, ಕಿವಿಯ ಹತ್ತಿರ ಹಿಡಿದು ತಿರುಗಿಸತೊಡಗಿದರು.

"ಅನ್ನೀ ಒಕ್ಕಟೇ ತಾತಾ, ಎಲ್ಲಾ ಒಂದೇ," ಎಂದಳು ಕೃಷ್ಣವೇಣಿ.

"ತಾತ, ಟೈಮು," ಎಂದಳು ಅಮೃತಾ.

ಅವರು ಐದನ್ನೂ ನೋಡಿಯೇ ಮೂರನೆಯದನ್ನು ಕೊಟ್ಟರು. ನನಗೆ ಹಲ್ಲು ಕಡಿಯುವ ಹಾಗಾಗಿತ್ತು.

ಅಂಗಡಿಯ ಮುಂದಿನ ಕಲ್ಲಿನ ಮೇಲೆ ಗೋಣಿ ಹಾಸಿ ಚಕ್ರ ಮಲಗಿಸಿದಳು. ಒಳಗೆ ಕೊಳವೆ ಇಳಿಸಿದಳು, ಬೇರಿಂಗು ಇಟ್ಟಳು, ಪೈಪಿನ ತುಂಡು ಇಟ್ಟಳು. ಸುತ್ತಿಗೆ ಎತ್ತಿದರೆ ಚಕ್ರ ಜಾರುತ್ತದೆ. ನಾನು ಹಿಡಿದುಕೊಂಡೆ, ನನ್ನ ಕೈಗೆ ಅಷ್ಟು ಬಲ ಸಾಲಲಿಲ್ಲ. ಅವಳು ತಲೆ ಎತ್ತದೆ ಹೇಳಿದಳು, "ತಾತ, ಬಾ, ಹಿಡ್ಕೋ."

ಬಿಳಿ ಅಂಗಿಯ ಮನುಷ್ಯ ಕುಕ್ಕರುಗಾಲಿನಲ್ಲಿ ಕೂತರು.

"ಹೆಂಗೆ ಹಿಡೀಬೇಕು ಹೇಳು," ಎಂದರು.

ಅವರು ಒಂದು ಕೆಲಸವನ್ನು ಹೇಗೆ ಮಾಡಬೇಕು ಎಂದು ಇನ್ನೊಬ್ಬರನ್ನು ಕೇಳಿದ್ದನ್ನು ನಾನು ಕಂಡದ್ದು ಅದೇ ಮೊದಲು. ಅಮೃತಾ ಅವರ ಎರಡು ಕೈಗಳನ್ನೂ ಚಕ್ರದ ಅಂಚಿಗೆ ಇಟ್ಟು ತೋರಿಸಿದಳು. ಹೊಡೆದಳು. ಒಂದು ಕಡೆ, ಎದುರು ಕಡೆ, ಮತ್ತೆ ಈ ಕಡೆ. ಬೇರಿಂಗು ನೇರವಾಗಿ ಇಳಿಯುತ್ತಾ ಹೋಯಿತು. ಹತ್ತೋ ಹನ್ನೆರಡೋ ಏಟು ಬಿದ್ದ ಮೇಲೆ ಸದ್ದು ಬದಲಾಯಿತು, ಟೊಳ್ಳಾಗಿದ್ದದ್ದು ಗಟ್ಟಿಯಾಯಿತು. ನನಗೆ ಅದು ಆಮೇಲೆ ಹೊಳೆಯಿತು. ಅವರಿಗೆ ಆಗಲೇ ತಿಳಿದಿತ್ತು.

"ಕೂತ್ಕೊಂತು. ಸಾಕು, ಇನ್ನೊಂದು ಹೊಡೀಬ್ಯಾಡ. ಕೊಳವೆಗೆ ಮುಟ್ಟೈತೆ."

ಅವಳು ಎತ್ತಿದ ಸುತ್ತಿಗೆಯನ್ನು ಹಾಗೇ ಇಳಿಸಿದಳು. ಬೆರಳು ಹಾಕಿ ತಿರುಗಿಸಿದಳು, ನನಗೂ ಕೊಟ್ಟಳು. ಸದ್ದಿಲ್ಲ.

ಊರಾಚೆ ಗುಡ್ಡದ ಬುಡದಲ್ಲಿದ್ದ ಫ್ಯಾನು ಕಂಪನಿಯ ಯಾರ್ಡಿಗೆ ಹತ್ತಕ್ಕೆ ಐದು ನಿಮಿಷ ಇರುವಾಗ ತಲುಪಿದೆವು. ಆಟೋದ ಮೇಲೇ ಚಕ್ರ ತೊಡಿಸಿ ನಟ್ಟು ಬಿಗಿದಿದ್ದಳು, ತಿರುಗುವಷ್ಟು ಬಿಟ್ಟು. ಕೇಶವಯ್ಯ ದಪ್ಪ ಮೀಸೆಯ, ನಿದ್ದೆಗಣ್ಣಿನ ಮನುಷ್ಯ. ಗಾಡಿಯ ಮುಂಭಾಗ ಎತ್ತಿಸಿದ. ಚಕ್ರ ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿದ. ಏನೂ ಇಲ್ಲ. ಪಕ್ಕಕ್ಕೆ ಹಿಡಿದು ಅಲ್ಲಾಡಿಸಿದ. ಏನೂ ಇಲ್ಲ. ಜೋರಾಗಿ ತಿರುಗಿಸಿ ಬಿಟ್ಟು ಕಿವಿಯಿಟ್ಟ. ಗಾಳಿಯ ಸದ್ದು ಬಿಟ್ಟರೆ ಇನ್ನೊಂದಿಲ್ಲ.

"ಬಾಗುಂದಿ, ಚೆನ್ನಾಗಿದೆ," ಎಂದ. ನನ್ನ ಎದೆ ಹಗುರಾಯಿತು. ಆದರೆ ಅವನು ಎದ್ದು ನಿಂತು ಗ್ರೀಸು ಒರೆಸಿಕೊಳ್ಳುತ್ತಾ ಕೇಳಿದ, "ಯಾರು ಹಾಕಿದ್ದು? ಮೆಕಾನಿಕ್ಕಾ?"

ಅಮೃತಾ ಬಾಯಿ ತೆರೆಯುವ ಮೊದಲೇ ಅವನೇ ಮುಂದುವರಿಸಿದ. "ಯಾಕ್ ಕೇಳ್ತೀನಿ ಅಂದ್ರೆ, ಗುಡ್ಡದ ಮೇಲೆ ಮೆಕಾನಿಕ್ಕು ಇರಲ್ಲಮ್ಮ. ಅವರ ಗಾಡಿ ಅವರೇ ನೋಡ್ಕೋಬೇಕು. ಬರದಿದ್ರೆ ಕೆಲಸ ಕೊಟ್ಟೂ ಪ್ರಯೋಜನ ಇಲ್ಲ." ಹೇಳುತ್ತಾ ಅವನ ಕಣ್ಣು ಯಜಮಾನರ ಮೇಲೆ ನಿಂತಿತು. ಬಿಳಿ ಅಂಗಿಯ ತೋಳಿನ ತನಕ ಅವರಿಗೆ ಕರಿ ಗ್ರೀಸು ಮೆತ್ತಿತ್ತು. ಅಮೃತಾ ದಾರಿಯಲ್ಲಿ ಕೈ ತೊಳೆದಿದ್ದಳು. "ನೀವಾ ತಾತಾ?"

ಅಮೃತಾ ನೆಲ ನೋಡಿದಳು. ತಾತನ ಎದುರಿಗೆ 'ಅಲ್ಲ, ನಾನೇ' ಎನ್ನುವುದಕ್ಕೆ ಅವಳಿಗೆ ಬಾಯಿ ಬರಲಿಲ್ಲ. ನಾನು ಹೇಳೋಣವೆಂದರೆ ಅಜ್ಜಿ ಮೊಮ್ಮಗಳನ್ನು ಹೊಗಳದೆ ಇರುತ್ತಾಳೆಯೇ ಎಂದಾನು. ಯಜಮಾನರೋ, ಐದು ಗಂಟೆಯಿಂದ ಕದಿರಣ್ಣನಿಗೆ ಸಾವಿರ ಬೇರಿಂಗಿನ ಕಥೆ ಹೇಳಿಕೊಂಡು ಬಂದವರು. ಈಗ ಶುರು ಮಾಡುತ್ತಾರೆ ಎಂದುಕೊಂಡೆ. ಶುರು ಮಾಡಿದರೆ ಹುಡುಗಿಯ ಕೆಲಸ ಹೋಯಿತು.

"ನಾನೊಂದು ಹಾಕ್ದೆ ಸಾರ್," ಎಂದರು. "ಅದು ಕೆಟ್ಟೋಯ್ತು. ಒಳಗಡೆ ಹೊಡ್ದುಬುಟ್ಟೆ. ಇದು ಎರಡೂ ಅವಳೇ ಹಾಕಿದ್ದು. ನಾನು ಚಕ್ರ ಹಿಡ್ಕೊಂಡಿದ್ದೆ ಅಷ್ಟೆ."

ಕೇಶವಯ್ಯ ಅವರನ್ನೇ ನೋಡಿದ. "ಮೋಟಾರ್ ಕೆಲಸದೋರಾ?"

"ಹ್ಞೂ."

"ನಮ್ಮ ಮಾಮ ಕೂಡಾ. ನನ್ನ ಗಾಡೀದು ಎರಡು ಸಲ ಕೆಡಿಸಿದ್ದ." ಅಮೃತಾಳ ಕಡೆ ತಿರುಗಿದ. "ಪೈಪ್ ಇಟ್ಯಾ, ಸಾಕೆಟ್ ಇಟ್ಯಾ?"

"ಪೈಪ್ ಸಾರ್. ಹೊರಗಿನ ಬಳೆ ಅಂಚಿಗೆ."

"ಗಾಡಿ ಹತ್ತಮ್ಮ."

ಗುಡ್ಡದ ದಾರಿ ಎನ್ನುವುದು ದಾರಿಯಲ್ಲ, ಕಲ್ಲುಗುಂಡುಗಳ ನಡುವೆ ಯಾರೋ ಸುಣ್ಣ ಎರಚಿದ ಗುರುತು. ಅವಳು ಹೋಗುವುದು ಮೊದಲ ತಿರುವಿನ ತನಕ ಕಂಡಿತು, ಆಮೇಲೆ ಸದ್ದು ಮಾತ್ರ. ಸದ್ದು ಒಂದು ಸಲ ನಿಂತಿತು. ಯಜಮಾನರು ಎದ್ದು ನಿಂತರು. ಮತ್ತೆ ಶುರುವಾಯಿತು, ಇವರು ಕೂತರು. ಮೂರು ಫ್ಯಾನುಗಳನ್ನು ಸುತ್ತಿ ಇಳಿದು ಬರುವುದಕ್ಕೆ ಅರ್ಧ ಗಂಟೆ ಹಿಡಿಯಿತು. ಬಂದಾಗ ಮೊಣಕೈ ತರಚಿತ್ತು, ಗಾಡಿಯ ಕನ್ನಡಿ ಒಂದು ಇರಲಿಲ್ಲ. ಚಕ್ರ ಸುಮ್ಮನೆ ತಿರುಗುತ್ತಿತ್ತು. ಕೇಶವಯ್ಯ ಅವಳ ಹೆಸರು ಬರೆದುಕೊಂಡು, ಒಂದನೇ ತಾರೀಖು ಎರಡು ಫೋಟೋ, ಆಧಾರ್ ಕಾರ್ಡು ತಗೊಂಡು ಬಾ ಎಂದ. ಕನ್ನಡಿ ಹಾಕಿಸ್ಕೋ ಎಂದೂ ಅಂದ.

ವಾಪಸು ಬರುವಾಗ ಯಜಮಾನರು ನನ್ನನ್ನು ಮುಂದೆ ಕೂರಿಸಿ, ತಾವೂ ಅಲ್ಲೇ ಒತ್ತರಿಸಿಕೊಂಡು ಕೂತರು. ಹಿಂದೆ ಅಮೃತಾ ಗಾಡಿಗೆ ಒರಗಿ ಬಾಯಿ ತೆರೆದುಕೊಂಡು ನಿದ್ದೆ ಮಾಡುತ್ತಿದ್ದಳು.  ಪಾವಗಡ ದಾಟುತ್ತಲೂ ಯಜಮಾನರು ಕಿವಿ ಒಂದು ಕಡೆ ವಾಲಿಸಿದರು.

"ಕದಿರಣ್ಣ, ನಿನ್ ಆಟೋ ಮುಂದಿನ ಚಕ್ರ ಏನೋ ಅಂತೈತೆ ಕಣ್ಲಾ."

"ಮೊದ್ಲಿಂದಾನೂ ಅಂತೈತೆ ಅಣ್ಣ."

"ಬೇರಿಂಗು. ಮನೆತಾವ ತಂದು ನಿಲ್ಸು. ನಮ್ ಹುಡ್ಗಿ ಹಾಕ್ಕೊಡ್ತಾಳೆ. ನರಸಪ್ಪನ ಟ್ರಾಲಿದೂ ಒಂದು ಐತೆ. ಎಲ್ಲಾ ಒಂದೇ ಸಲ ನೋಡ್ಬುಡನ."

"ಅವಳಿಗೆ ಸಿಕ್ಕಿರೋದು ಗುಡ್ಡದ ಮೇಲಿನ ಕೆಲ್ಸ," ಎಂದೆ ನಾನು. "ಊರಿನ ಬಿಟ್ಟಿ ಚಾಕ್ರಿ ಅಲ್ಲ."

"ಭಾನುವಾರ ರಜ ಇರ್ತದಲ್ಲ," ಎಂದರು ಅವರು.